ಮತ್ತೆ ಸಾಲಿಗೆ ಹೊರಟ ಮಕ್ಕಳ ಅಂಜಿಕೆ: ಅಲಖನೂರ ಸೀಮೆಯ ಪಾಲಕರಿಗೂ ಶಿಕ್ಷಕರಿಗೂ ಒಂದು ಬಹಿರಂಗ ಪತ್ರ

ಅಲಖನೂರ ಹಾಗೂ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ತಾಲ್ಲೂಕುಗಳ ಪಾಲಕರಿಗೆ, ಗುರುಗಳಿಗೆ, ಅಕ್ಕೋರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೆ,

ಕೆಲವು ದಿನ ಶಾಲೆಯಿಂದ ದೂರ ಉಳಿದ ಮಗು ಮರಳಿ ಹೋಗುವಾಗ ಅಂಜುವುದು ಸಹಜ. ಆ ಅಂಜಿಕೆ ಎಷ್ಟು ದೊಡ್ಡದು ಎನ್ನುವುದು ದೂರ ಉಳಿದ ದಿನಗಳ ಲೆಕ್ಕಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿಯನ್ನು ಅವಲಂಬಿಸಿದೆ: ಮಗು ಎಲ್ಲರ ಜೊತೆ ದೂರ ಉಳಿದಿತ್ತೋ, ತಾನೊಂದೇ ಉಳಿದಿತ್ತೋ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗಿನ ಬೇಸಿಗೆ ರಜೆ ಸುಮಾರು ಏಳು ವಾರದ್ದು. ಅದು ಎಲ್ಲರ ರಜೆ. ಬಾಗಿಲು ತೆರೆದ ದಿನ ಎಲ್ಲರೂ ಒಟ್ಟಿಗೆ ಒಳಗೆ ಹೋಗುತ್ತಾರೆ, ಎಲ್ಲರೂ ಮಗ್ಗಿಯನ್ನು ಒಂದಿಷ್ಟು ಮರೆತಿರುತ್ತಾರೆ. ಟೈಫಾಯ್ಡ್ ಬಂದು ಹದಿನೈದು ದಿನ ಮಲಗಿದ ಹುಡುಗ, ಅವ್ವನ ಬಾಣಂತನದಲ್ಲಿ ಕೂಸು ಆಡಿಸಲು ಮನೆಯಲ್ಲೇ ಉಳಿದ ಹಿರಿಮಗಳು, ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಿ ಬಂದ ಮಗು ಮಾತ್ರ ಒಬ್ಬೊಬ್ಬರಾಗಿ ಮರಳುತ್ತಾರೆ. ಅವರು ಇಲ್ಲದಾಗ ತರಗತಿ ಮುಂದೆ ಹೋಗಿದೆ, ಅವರ ಜಾಗದಲ್ಲಿ ಬೇರೆಯವರು ಕೂತಿದ್ದಾರೆ. ಏಳು ವಾರದ ಬೇಸಿಗೆಗಿಂತ ಒಬ್ಬಂಟಿಯಾಗಿ ಕಳೆದ ಹದಿನೈದು ದಿನ ಹೆಚ್ಚು ಭಾರವಾಗುವುದು ಇದೇ ಕಾರಣಕ್ಕೆ. ಊರಿನ ಗಮನ ಹೋಗುವುದು ಮಾತ್ರ ಬೇಸಿಗೆಯ ನಂತರದ ಪ್ರಾರಂಭೋತ್ಸವದ ಕಡೆಗೆ. ತಳಿರು ತೋರಣ, ಹೂವು, ಸಿಹಿ ಊಟ ಎಲ್ಲವೂ ಆ ದಿನಕ್ಕೆ ಮೀಸಲು. ನವೆಂಬರ್ ತಿಂಗಳ ಯಾವುದೋ ಮಂಗಳವಾರ ಒಬ್ಬನೇ ಗೇಟು ದಾಟುವ ಹುಡುಗನಿಗೆ ತೋರಣ ಕಟ್ಟುವವರಿಲ್ಲ.

ಈ ತಾಲ್ಲೂಕುಗಳಿರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಶಾಲೆ ತಪ್ಪುವ ಸಂದರ್ಭಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಅತಿ ದೀರ್ಘವಾದದ್ದು ಕೊರೊನಾ ಕಾಲದ್ದು. 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ರಾಜ್ಯದ ಶಾಲೆಗಳಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗಳು ಎರಡನೇ ಅಲೆಯ ನಂತರ 2021ರ ಆಗಸ್ಟ್ 23ರಂದು, ಆರರಿಂದ ಎಂಟು ಸೆಪ್ಟೆಂಬರ್ 6ರಂದು, ಒಂದರಿಂದ ಐದು ಅಕ್ಟೋಬರ್ 25ರಂದು ತೆರೆದವು. ಚಿಕ್ಕ ಮಕ್ಕಳ ಪಾಲಿಗೆ ಅದು ಹತ್ತೊಂಬತ್ತು ತಿಂಗಳ ಬಿಡುವು. ಒಂದನೇ ತರಗತಿ ಮುಗಿಯುವ ಹೊತ್ತಿಗೆ ಮನೆಗೆ ಹೋದ ಮಗು ಮೂರನೇ ತರಗತಿಯ ಕೋಣೆಗೆ ಬಂದು ಕೂತಿತು. 2020ರಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದ ಮಗುವಂತೂ ಶಾಲೆಯ ಒಳಗನ್ನು ಮೊದಲ ಸಲ ಕಂಡದ್ದು ಎರಡನೇ ತರಗತಿಯಲ್ಲಿ. ನಡುವೆ ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ನಡೆದ ವಿದ್ಯಾಗಮ ಎಂಬ ಪಾಠದ ಏರ್ಪಾಡು 2020ರ ಅಕ್ಟೋಬರಿನಲ್ಲಿ ನಿಂತುಹೋಗಿತ್ತು. ಆ ಮರಳುವಿಕೆಯಲ್ಲಿ ಸರ್ಕಾರ ಮಾಡಿದ ಒಂದು ಏರ್ಪಾಡು ಇಂದಿಗೂ ಕಲಿಯಬೇಕಾದದ್ದು. ಪ್ರಾಥಮಿಕ ಮಕ್ಕಳಿಗೆ ಮೊದಲ ವಾರ ಅರ್ಧ ದಿನ ಮಾತ್ರ ಶಾಲೆ ನಡೆಯಿತು, ಪೂರ್ಣ ದಿನ ಆಮೇಲೆ ಬಂತು. ಸೋಂಕಿನ ಎಚ್ಚರಿಕೆಗಾಗಿ ಮಾಡಿದ ಆ ವ್ಯವಸ್ಥೆ ಅಂಜಿದ ಮಕ್ಕಳಿಗೂ ಸರಿಹೊಂದುವಂಥದ್ದಾಗಿತ್ತು. ಮರುವರ್ಷ ಶಾಲೆಗಳನ್ನು ವಾಡಿಕೆಗಿಂತ ಮುಂಚೆಯೇ, 2022ರ ಮೇ 16ಕ್ಕೆ, ತೆರೆದು ಕಲಿಕಾ ಚೇತರಿಕೆ ಕಾರ್ಯಕ್ರಮ ನಡೆಸಲಾಯಿತು. ಹಿಂದಿನ ತರಗತಿಗಳಲ್ಲಿ ಕೈತಪ್ಪಿದ್ದನ್ನು ಮೊದಲು ಕಲಿಸಿ ಆಮೇಲೆ ಮುಂದಿನದಕ್ಕೆ ಹೋಗುವುದು ಅದರ ತಿರುಳು.

ನೆರೆಯದು ಇನ್ನೊಂದು ಬಗೆ. 2019ರ ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದ ಮಳೆ, ಕೊಯ್ನಾ ಮುಂತಾದ ಜಲಾಶಯಗಳಿಂದ ಬಿಟ್ಟ ನೀರು ಸೇರಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ದಂಡೆ ಮೀರಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಹೊಳೆಸಾಲಿನ ಊರುಗಳು ಖಾಲಿಯಾದವು. 2021ರ ಜುಲೈಯಲ್ಲಿ ಮತ್ತೆ ಅದೇ ಆಯಿತು. ನೆರೆಯ ದಿನಗಳಲ್ಲಿ ಶಾಲೆಯ ಕಟ್ಟಡವೇ ಗಂಜಿ ಕೇಂದ್ರವಾಗುತ್ತದೆ. ಮಗು ಪಾಠ ಕಲಿತ ಕೋಣೆಯಲ್ಲೇ ಮನೆಮಂದಿಯೆಲ್ಲ ಸಾಮಾನು ಇಟ್ಟುಕೊಂಡು ರಾತ್ರಿ ಕಳೆಯುತ್ತಾರೆ, ಮನೆ ಬಿದ್ದಿತೋ ದನ ಉಳಿದವೋ ಎಂಬ ಮಾತು ಅಲ್ಲೇ ನಡೆಯುತ್ತದೆ. ನೀರು ಇಳಿದ ಮೇಲೆ ಅದೇ ಕೋಣೆಗೆ ಪಾಠಕ್ಕೆ ಬಂದಾಗ ಕೆಲವು ಮಕ್ಕಳಿಗೆ ಆ ರಾತ್ರಿಗಳು ಎದುರಿಗೆ ನಿಲ್ಲುತ್ತವೆ. ಮಳೆ ಜೋರಾದರೆ ಕಿಟಕಿಯತ್ತಲೇ ನೋಡುವುದು, ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆಂದು ಎದ್ದು ಓಡುವುದು ಇಂಥ ಮಕ್ಕಳ ಲಕ್ಷಣ. ಇವರ ಅಂಜಿಕೆ ಶಾಲೆಯದ್ದಲ್ಲ, ತಾವು ಇಲ್ಲಿದ್ದಾಗ ಮನೆಗೆ ಏನಾದರೂ ಆದೀತು ಎನ್ನುವುದು. ಅದನ್ನು ಶಾಲೆಯ ಅಂಜಿಕೆ ಎಂದು ತಿಳಿದು ಬುದ್ಧಿವಾದ ಹೇಳಿದರೆ ಏನೂ ಪ್ರಯೋಜನವಿಲ್ಲ. ಹೊಳೆಯ ನೀರು ಎಷ್ಟಿದೆ, ನೀರು ಏರಿದರೆ ಮನೆಯವರು ಎಲ್ಲಿಗೆ ಹೋಗುತ್ತಾರೆ, ತನ್ನನ್ನು ಕರೆದೊಯ್ಯಲು ಯಾರು ಬರುತ್ತಾರೆ ಎಂಬುದನ್ನು ಮಗುವಿಗೆ ನೇರವಾಗಿ ಹೇಳಿದರೆ ಅದು ಸಮಾಧಾನ ತಂದುಕೊಳ್ಳುತ್ತದೆ.

ಇನ್ನುಳಿದ ಬಿಡುವುಗಳು ಪ್ರತಿ ವರ್ಷದವು. ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ, ಬಂಧುಗಳ ಮದುವೆ, ಸುಗ್ಗಿ, ದಸರಾ, ದೀಪಾವಳಿ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕಾದ ಕಾರಣ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆದು ದೀಪಾವಳಿಯ ಬಾಗಿಲಿಗೇ ಬಂದು ನಿಂತಿತ್ತು.

ಅಂಜಿಕೆ ಮೊದಲು ಮಾತಿನಲ್ಲಿ ಕಾಣಿಸುವುದಿಲ್ಲ, ಮೈಯಲ್ಲಿ ಕಾಣಿಸುತ್ತದೆ. ಅಪಾಯ ಎದುರಾದಾಗ ದೇಹ ಓಡಲು ಸಿದ್ಧವಾಗುತ್ತದೆ: ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಜೀರ್ಣದ ಕೆಲಸ ತಡವರಿಸಿ ಹೊಟ್ಟೆ ಹಿಂಡುತ್ತದೆ, ವಾಕರಿಕೆ ಬರುತ್ತದೆ. ಆದ್ದರಿಂದ ಚಿಕ್ಕ ಮಗು "ನನಗ ಅಂಜಿಕಿ ಆಗೈತಿ" ಎನ್ನುವುದಿಲ್ಲ, "ಹೊಟ್ಟಿ ಕಡ್ಯಾಕತ್ತೈತಿ" ಎನ್ನುತ್ತದೆ. ಇದು ನಾಟಕವಲ್ಲ, ನೋವು ನಿಜವಾದದ್ದೇ. ಶಾಲೆಯ ಹೊತ್ತು ಮೀರಿದ ಮೇಲೆ ಆ ನೋವು ಹೋಗುತ್ತದೆ, ಭಾನುವಾರ ಹಗಲು ಬರುವುದೇ ಇಲ್ಲ, ಭಾನುವಾರ ಸಂಜೆ ಮತ್ತೆ ಸುರುವಾಗುತ್ತದೆ. ಪಾಲಕರು ಇದನ್ನು ಕಂಡು ಸುಳ್ಳು ಹಿಡಿದೆವೆಂದುಕೊಳ್ಳುತ್ತಾರೆ. ಅವರು ಹಿಡಿದದ್ದು ಸುಳ್ಳನ್ನಲ್ಲ, ಕಾರಣವನ್ನು. ಆದರೆ ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿದ್ದರೆ, ಜ್ವರ, ವಾಂತಿ, ಭೇದಿ, ತೂಕ ಇಳಿಯುವುದು ಜೊತೆಗಿದ್ದರೆ, ರಜೆಯ ದಿನವೂ ಬಿಡದಿದ್ದರೆ ಅದನ್ನು ಅಂಜಿಕೆಯ ಲೆಕ್ಕಕ್ಕೆ ಹಾಕದೆ ವೈದ್ಯರಿಗೆ ತೋರಿಸಬೇಕು. ಕಣ್ಣು ಮಂಜಾಗಿ ಫಲಕ ಕಾಣದ ಮಗುವೂ, ರಕ್ತ ಕಡಿಮೆಯಾಗಿ ಸದಾ ಸುಸ್ತಾಗಿರುವ ಮಗುವೂ ಶಾಲೆ ಬೇಡವೆನ್ನಬಹುದು.

ಅಂಜಿದ ಮಗುವನ್ನು ಒಂದು ದಿನ ಮನೆಯಲ್ಲಿ ಉಳಿಸಿಕೊಂಡರೆ ಆ ಕ್ಷಣಕ್ಕೆ ಎಲ್ಲರಿಗೂ ನಿರಾಳ. ತೊಡಕು ಹುಟ್ಟುವುದು ಆ ನಿರಾಳತೆಯಿಂದಲೇ. ಮನೆಯಲ್ಲಿ ಉಳಿದರೆ ಹೊಟ್ಟೆನೋವು ಹೋಗುತ್ತದೆ ಎಂಬುದನ್ನು ದೇಹ ಕಲಿತುಬಿಡುತ್ತದೆ, ಮರುದಿನ ನೋವು ಇನ್ನೂ ಮುಂಚೆ ಬರುತ್ತದೆ. ಇತ್ತ ಶಾಲೆಯಲ್ಲಿ ಬಾಕಿ ಬರಹ ಬೆಳೆಯುತ್ತದೆ, ಗೆಳೆಯರ ಆಟದಲ್ಲಿ ಜಾಗ ಹೋಗುತ್ತದೆ. ಮೂರು ದಿನದ ಹಿಂದೆ ಬರೀ ಅಂಜಿಕೆಯಾಗಿದ್ದದ್ದಕ್ಕೆ ಈಗ ಎರಡು ಮೂರು ನಿಜವಾದ ಕಾರಣಗಳು ಸಿಕ್ಕಿರುತ್ತವೆ. ಮಕ್ಕಳ ಮನೋವೈದ್ಯರು ಈ ಬಗೆಯ ಅಂಜಿಕೆಯನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಮೆರಿಕದ ಅಡಿಲೇಡ್ ಜಾನ್ಸನ್ ಮತ್ತು ಸಹೋದ್ಯೋಗಿಗಳು 1941ರಲ್ಲಿ ಇದಕ್ಕೆ ಶಾಲಾಭೀತಿ ಎಂಬ ಹೆಸರಿಟ್ಟರು. ಈಗಿನ ವೈದ್ಯರು ಶಾಲಾ ನಿರಾಕರಣೆ ಎನ್ನುತ್ತಾರೆ. ಚಕ್ಕರ್ ಹೊಡೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಚಕ್ಕರ್ ಹೊಡೆಯುವ ಹುಡುಗ ದಪ್ತರ ಹೆಗಲಿಗೇರಿಸಿ ಹೊರಟು ಬಾವಿ ದಂಡೆಗೋ ಕಬ್ಬಿನ ಹೊಲಕ್ಕೋ ಹೋಗುತ್ತಾನೆ, ಮನೆಯವರಿಗೆ ಗೊತ್ತಾಗದಂತೆ ನೋಡಿಕೊಳ್ಳುತ್ತಾನೆ. ಅಂಜಿದ ಮಗು ಮನೆಯವರ ಕಣ್ಣೆದುರಿಗೇ, ಅವ್ವನ ಸೆರಗು ಹಿಡಿದು ಉಳಿಯುತ್ತದೆ. ಇಬ್ಬರಿಗೂ ಒಂದೇ ಮದ್ದು ಎಂದು ಬೆತ್ತ ಹಿಡಿದರೆ ಎರಡನೆಯ ಮಗುವಿನ ಅಂಜಿಕೆಗೆ ಸಾಕ್ಷಿ ಸಿಕ್ಕಂತಾಗುತ್ತದೆ. ಬೆತ್ತಕ್ಕೆ ಕಾನೂನಿನ ಅಡ್ಡಿಯೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ.

ಅಂಜಿಕೆ ಇಳಿಸುವ ದಾರಿಯೂ ಹಳೆಯದೇ. 1924ರಲ್ಲಿ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಮೊಲ ಕಂಡರೆ ಕಿರುಚುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಅಂಜಿಕೆ ಬಿಡಿಸಿದ್ದನ್ನು ಬರೆದಿಟ್ಟಿದ್ದಾರೆ. ಹುಡುಗ ತನಗಿಷ್ಟವಾದ ತಿನಿಸು ತಿನ್ನುತ್ತ ಕೂತಿರುವಾಗ ಮೊಲವನ್ನು ಮೊದಲು ದೂರದಲ್ಲಿಟ್ಟು, ಅವನು ತಡೆದುಕೊಂಡಷ್ಟೇ ಹತ್ತಿರ ತರುತ್ತ ಹೋದರು. ಕೊನೆಗೆ ಅವನು ಅದನ್ನು ಮುಟ್ಟಿ ಆಡಿಸಿದ. ಶಾಲೆಯ ವಿಷಯದಲ್ಲೂ ಕ್ರಮ ಇದೇ. ಪೂರ್ತಿ ದೂರವೂ ಇಡಬಾರದು, ಒಮ್ಮೆಗೇ ಒಳಗೂ ತಳ್ಳಬಾರದು.

ಇದಕ್ಕೆ ಮೊದಲು ತಿಳಿಯಬೇಕಾದದ್ದು ಮಗು ನಿಜವಾಗಿ ಯಾವುದಕ್ಕೆ ಅಂಜುತ್ತದೆ ಎನ್ನುವುದು. "ಸಾಲಿಗೆ ಯಾಕ ವಲ್ಲಿ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆ ಪ್ರಶ್ನೆಗೆ ದೊಡ್ಡವರ ಬಳಿಯೂ ಉತ್ತರವಿರುವುದು ಅಪರೂಪ. ಮುಂಜಾನೆ ಮನೆ ಬಿಟ್ಟಾಗಿನಿಂದ ಸಂಜೆ ಮರಳುವವರೆಗಿನ ದಿನವನ್ನು ಮಗುವಿನ ಜೊತೆ ಬಿಡಿಬಿಡಿಯಾಗಿ ನಡೆದು ನೋಡಬೇಕು: ದಾರಿಯಲ್ಲಿ ಯಾರು ಸಿಗುತ್ತಾರೆ, ಪ್ರಾರ್ಥನೆಗೆ ಯಾರ ಹಿಂದೆ ನಿಲ್ಲುವುದು, ಹಾಜರಿ ಹೇಗೆ ಕೂಗುತ್ತಾರೆ, ಎಲ್ಲಿ ಕೂಡುವುದು, ಒಂದಕ್ಕೆ ಬಂದರೆ ಎಲ್ಲಿಗೆ ಹೋಗುವುದು, ಬಿಸಿಯೂಟಕ್ಕೆ ಯಾರ ಪಕ್ಕ ಕೂಡುವುದು. ಎಲ್ಲೋ ಒಂದು ಕಡೆ ಮಾತು ತಡೆಯುತ್ತದೆ. ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ, ಅದು ದೊಡ್ಡವರಿಗೆ ನಗು ಬರುವಷ್ಟು ಚಿಕ್ಕದೂ ಆಗಿರುತ್ತದೆ. ದಾರಿಯ ತೋಟದ ಮನೆಯ ನಾಯಿ. ಕದಕ್ಕೆ ಚಿಲಕವಿಲ್ಲದ ಶೌಚಾಲಯ. ಬರೆಯದೆ ಉಳಿದ ಎರಡು ಪುಟ. ಅಡ್ಡಹೆಸರು ಹಿಡಿದು ಕರೆಯುವ ಒಬ್ಬ ಹುಡುಗ. "ಹಾಜರ ಅದೀನ್ರಿ ಸರ" ಎಂದಾಗ ಹಿಂದಿನಿಂದ ಕೇಳಿಬರುವ ನಗು. ನಾಯಿಗೆ ಮನೆಯವರಿಗೆ ಹೇಳಿದರೆ ಮುಗಿಯಿತು, ಚಿಲಕಕ್ಕೆ ಎಸ್‌ಡಿಎಂಸಿ ಸಾಕು. ಹನ್ನೆರಡು ಹದಿಮೂರರ ಹುಡುಗಿಯರ ವಿಷಯದಲ್ಲಿ ಈ ಚಿಲಕ, ನೀರು, ಬಟ್ಟೆ ಬದಲಿಸುವ ಜಾಗ ಇವುಗಳಿಗಿಂತ ದೊಡ್ಡ ಕಾರಣ ಹುಡುಕುವ ಮೊದಲು ಇವನ್ನೇ ನೋಡಬೇಕು. ಮುಟ್ಟಿನ ಕಾರಣಕ್ಕೆ ತಿಂಗಳಿಗೆ ನಾಲ್ಕು ದಿನ ತಪ್ಪುವ ಹುಡುಗಿ ಪ್ರತಿ ತಿಂಗಳೂ ಹೊಸದಾಗಿ ಮರಳಬೇಕಾಗುತ್ತದೆ.

ಈ ಸೀಮೆಗೆ ವಿಶಿಷ್ಟವಾದ ಒಂದು ಅಂಜಿಕೆ ತೋಟದ ಶಾಲೆಗಳ ಮಕ್ಕಳದ್ದು. ರಾಯಬಾಗ, ಅಥಣಿ ಭಾಗದಲ್ಲಿ ಬಹಳ ಮಂದಿ ಹೊಲಗಳ ನಡುವಿನ ತೋಟದ ವಸ್ತಿಗಳಲ್ಲಿದ್ದಾರೆ. ಅವರ ಮಕ್ಕಳಿಗಾಗಿ ತೋಟಗಳ ಹೆಸರಿನಲ್ಲೇ ಕಿರಿಯ ಪ್ರಾಥಮಿಕ ಶಾಲೆಗಳಿವೆ. ಅಲ್ಲಿ ಇಬ್ಬರು ಶಿಕ್ಷಕರು, ಕೆಲವೇ ಮಕ್ಕಳು, ಅವರಲ್ಲಿ ಬಹುಪಾಲು ಅಣ್ಣತಮ್ಮಂದಿರ, ಕಾಕಾಂದಿರ ಮಕ್ಕಳು. ಐದನೇ ತರಗತಿ ಮುಗಿದೊಡನೆ ಆ ಮಗು ಊರಿನ ದೊಡ್ಡ ಶಾಲೆಗೆ ಹೋಗಬೇಕು. ಅಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ತನ್ನ ತೋಟದ ಒಟ್ಟು ಮಕ್ಕಳಿಗಿಂತ ಹೆಚ್ಚು ಮಂದಿ ಒಂದೇ ಕೋಣೆಯಲ್ಲಿ. ಎಂಟಕ್ಕೆ ಹೈಸ್ಕೂಲಿಗೆ ಹೋಗುವಾಗ ಮತ್ತೆ ಇದೇ. ಶಾಲೆ ಬದಲಾಗುವ ಇಂಥ ವರ್ಷಗಳಲ್ಲೇ ಶಾಲಾ ನಿರಾಕರಣೆ ಹೆಚ್ಚೆಂಬುದು ಹಲವು ದೇಶಗಳ ಅನುಭವ. ಮಾರ್ಚಿನಲ್ಲಿ, ಐದನೇ ತರಗತಿ ಇನ್ನೂ ನಡೆಯುತ್ತಿರುವಾಗಲೇ, ತೋಟದ ಶಾಲೆಯ ಅಕ್ಕೋರು ಆ ನಾಲ್ಕೈದು ಮಕ್ಕಳನ್ನು ಒಂದು ದಿನ ಊರಿನ ಶಾಲೆಗೆ ಕರೆದೊಯ್ದು, ಆರನೇ ತರಗತಿಯ ಕೋಣೆ, ನೀರಿನ ಟಾಕಿ, ಶೌಚಾಲಯ ತೋರಿಸಿ, ಅಲ್ಲಿನ ಗುರುಗಳಿಗೆ ಹೆಸರು ಹೇಳಿಸಿ ತಂದರೆ ಖರ್ಚು ಏನೂ ಇಲ್ಲ. ಜೂನಿನಲ್ಲಿ ಅವರನ್ನು ಒಂದೇ ವಿಭಾಗಕ್ಕೆ ಹಾಕಿ, ಮೊದಲ ತಿಂಗಳು ಒತ್ತಿನಲ್ಲೇ ಕೂಡಲು ಬಿಟ್ಟರೆ ಅರ್ಧ ಕೆಲಸ ಆದಂತೆ.

ಮನೆಯ ತಯಾರಿ ಶಾಲೆ ತೆರೆಯುವ ಒಂದು ವಾರ ಮೊದಲು ಸುರುವಾಗಬೇಕು. ಬೇಸಿಗೆಯಲ್ಲಿ ಆಯಿಯ ಊರಿಗೆ ಹೋದ ಮಕ್ಕಳು ಮಾಳಿಗೆ ಮೇಲೆ ತಡವಾಗಿ ಮಲಗಿ ತಡವಾಗಿ ಏಳುತ್ತಾರೆ. ನಿದ್ದೆಗೆಟ್ಟ ಮಗುವಿಗೆ ಅಂಜಿಕೆ ಬೇಗ ಹತ್ತುತ್ತದೆ. ಆದ್ದರಿಂದ ಶಾಲೆ ತೆರೆಯುವ ಹಿಂದಿನ ದಿನ ಊರಿಗೆ ಬರುವುದಕ್ಕಿಂತ ನಾಲ್ಕು ದಿನ ಮೊದಲೇ ಬರುವುದು ಒಳ್ಳೆಯದು. ದಪ್ತರ, ಪಾಟಿ, ಸಮವಸ್ತ್ರಗಳನ್ನು ಮಗುವಿನ ಕೈಯಿಂದಲೇ ಹೊಂದಿಸಬೇಕು. ಸಂಜೆಯ ಹೊತ್ತು ಬೀಗ ಹಾಕಿದ ಶಾಲೆಯ ಬಯಲಿಗೇ ಹೋಗಿ ಆಡಿ ಬರಬಹುದು. ಜೊತೆಗೆ ನಡೆದು ಹೋಗುವ ಗೆಳೆಯ ಯಾರು ಎಂಬುದನ್ನು ಎರಡು ಮನೆಗಳು ಮೊದಲೇ ಮಾತಾಡಿಕೊಂಡಿದ್ದರೆ ಮುಂಜಾನೆಯ ಜಗ್ಗಾಟ ಬಹುಮಟ್ಟಿಗೆ ತಪ್ಪುತ್ತದೆ. ಅವ್ವನನ್ನು ಬಿಟ್ಟು ಬಾರದ ಮಗು ಗೆಳೆಯ ಬಂದು ಬಾಗಿಲಲ್ಲಿ ಕರೆದರೆ ಹೊರಡುವುದುಂಟು.

ಬಿಟ್ಟು ಬರುವ ಕ್ಷಣ ಚಿಕ್ಕದಾಗಿರಬೇಕು. ಅಂಗನವಾಡಿ ಮತ್ತು ಒಂದನೇ ತರಗತಿಯ ಮಕ್ಕಳ ಪಾಲಕರು ಮಾಡುವ ದೊಡ್ಡ ತಪ್ಪು ಮಗು ಆಟದಲ್ಲಿದ್ದಾಗ ಹೇಳದೆ ಜಾರಿಕೊಳ್ಳುವುದು. ಆ ದಿನ ಅಳು ತಪ್ಪಬಹುದು. ಮರುದಿನದಿಂದ ಮಗು ಆಟವಾಡುವುದನ್ನೂ ಬಿಟ್ಟು ಅವ್ವನ ಮೇಲೆ ಕಣ್ಣಿಟ್ಟು ಕೂಡುತ್ತದೆ. ಹೇಳಿಯೇ ಹೋಗಬೇಕು, ಹೇಳಿದ ಮೇಲೆ ತಿರುಗಿ ಬರಬಾರದು. ಯಾವಾಗ ಬರುವುದೆಂಬುದನ್ನು ಗಡಿಯಾರದಿಂದ ಹೇಳಿದರೆ ಐದು ವರ್ಷದ ಮಗುವಿಗೆ ತಿಳಿಯದು. "ಊಟ ಆಗಿ, ಆಟ ಆಡಿ, ಗಂಟಿ ಹೊಡೆದ ಮ್ಯಾಲೆ ಮುತ್ಯಾ ಗೇಟಿನ ಕಡೆ ನಿಂತಿರ್ತಾನ" ಎಂದರೆ ತಿಳಿಯುತ್ತದೆ. ಹಾಗೆ ಹೇಳಿದ ಮುತ್ಯಾ ಗಂಟೆಗೆ ಮೊದಲೇ ಅಲ್ಲಿರಬೇಕು. ಮೊದಲ ವಾರ ಒಮ್ಮೆ ತಡವಾದರೂ ಇಡೀ ವಾರದ ದುಡಿಮೆ ನೀರಿಗೆ ಹೋದಂತೆ.

ಮಾತಿನ ವಿಷಯದಲ್ಲಿ ಈ ಕಡೆಯ ಮನೆಗಳಲ್ಲಿ ಒಂದು ಹಳೆಯ ರೂಢಿಯಿದೆ: ಉಣ್ಣದಿದ್ದರೆ, ಮಲಗದಿದ್ದರೆ "ಅಕ್ಕೋರಿಗೆ ಹೇಳ್ತೀನಿ ನೋಡ", "ಸೂಜಿ ಮಾಡಸ್ತೀನಿ", "ಪೊಲೀಸರ ಕೈಯಾಗ ಕೊಡ್ತೀನಿ". ವರ್ಷವಿಡೀ ಅಕ್ಕೋರನ್ನು ಗುಮ್ಮನ ಪಕ್ಕ ನಿಲ್ಲಿಸಿ, ಜೂನಿನಲ್ಲಿ ಅದೇ ಅಕ್ಕೋರ ಕೈಗೆ ಮಗುವನ್ನು ಒಪ್ಪಿಸಿದರೆ ಅದು ಅಳದೆ ಇನ್ನೇನು ಮಾಡೀತು? "ಅದರಾಗ ಏನ್ ಅಂಜೂದು, ಗಂಡಸಲ್ಲೇನ ನೀ" ಎಂಬ ಮಾತೂ ಅಂಜಿಕೆ ಕಳೆಯುವುದಿಲ್ಲ, ಅದನ್ನು ಹೇಳಿಕೊಳ್ಳಬಾರದೆಂದಷ್ಟೇ ಕಲಿಸುತ್ತದೆ. "ಏನೂ ಆಗಂಗಿಲ್ಲ" ಎಂದು ಹತ್ತು ಸಲ ಹೇಳುವುದಕ್ಕಿಂತ "ಅಂಜಿಕಿ ಆಗತೈತಿ, ಗೊತ್ತೈತಿ. ಹೋದಮ್ಯಾಲೆ ಕಡಿಮಿ ಆಗತೈತಿ" ಎಂದು ಒಂದು ಸಲ ಹೇಳುವುದು ಮೇಲು. ಮೊದಲನೆಯದನ್ನು ಮಗು ನಂಬುವುದಿಲ್ಲ, ಎರಡನೆಯದು ಮಧ್ಯಾಹ್ನದ ಹೊತ್ತಿಗೆ ನಿಜವಾಗಿರುತ್ತದೆ.

ಒಂದು ದಿನ ಉಳಿಸಿಕೊಳ್ಳಲೇಬೇಕಾಗಿ ಬಂದರೆ ಆ ದಿನ ಹಬ್ಬವಾಗಬಾರದು. ಶಾಲೆಯ ಹೊತ್ತಿನಲ್ಲಿ ಮೊಬೈಲು, ಟಿ.ವಿ., ಅಂಗಡಿಯ ತಿನಿಸು ಇಲ್ಲ ಎಂಬುದು ಜ್ವರ ಬಂದ ಮಗುವಿಗೂ ಅನ್ವಯಿಸಿದರೆ ಯಾರಿಗೂ ಅನ್ಯಾಯವಿಲ್ಲ. ದೃಷ್ಟಿ ತೆಗೆಯುವುದು, ತಾಯಿತ ಕಟ್ಟುವುದು ಮನೆಯವರ ಸಮಾಧಾನಕ್ಕೆ ಇರಲಿ. ಅಂಜಿದ ಮಗುವಿಗೆ ಬರೆ ಹಾಕಿಸುವುದು ಮಾತ್ರ ಮದ್ದಲ್ಲ, ಗಾಯ.

ಶಾಲೆಯ ಕಡೆಯ ಕೆಲಸ ಮೊದಲ ಹತ್ತು ನಿಮಿಷದಲ್ಲಿದೆ. ಬಹಳ ದಿನದ ಮೇಲೆ ಬಂದ ಮಗುವನ್ನು ಎಲ್ಲರೆದುರು "ಬಂದ್ಯಾ? ಎಲ್ಲಿ ಹೋಗಿದ್ದಿ ಇಷ್ಟ ದಿನ?" ಎಂದು ಎಬ್ಬಿಸಿ ನಿಲ್ಲಿಸುವುದು ಗದರಿಕೆಯ ಉದ್ದೇಶದಿಂದಲ್ಲ, ಅಕ್ಕರೆಯಿಂದಲೇ ಇರಬಹುದು. ಮಗುವಿಗೆ ಅದು ಇಡೀ ತರಗತಿಯ ಕಣ್ಣು. ಕೇಳುವುದನ್ನು ಬಿಡುವಿನಲ್ಲಿ ಮೆಲ್ಲಗೆ ಕೇಳಬಹುದು. ಹಳೆಯ ಜಾಗ ಖಾಲಿ ಮಾಡಿಸಿಕೊಡಬೇಕು, ಇಲ್ಲವೇ ಗೆಳೆಯನ ಪಕ್ಕ ಕೂಡಿಸಬೇಕು. ಬಿಟ್ಟುಹೋದ ಬರಹವನ್ನೆಲ್ಲ ಬರೆದು ತರಬೇಕೆಂಬ ಷರತ್ತು ಹಾಕಿದರೆ ಎಷ್ಟೋ ಮಕ್ಕಳು ನಾಲ್ಕನೇ ದಿನ ಬರುವುದಿಲ್ಲ. ಮುಂದಿನ ಪಾಠಕ್ಕೆ ಬೇಕೇಬೇಕಾದ ಎರಡು ಪುಟ ಗುರುತಿಸಿ, ಉಳಿದದ್ದನ್ನು ಮನ್ನಾ ಮಾಡುವುದು ಶಿಸ್ತಿನ ಸಡಿಲಿಕೆಯಲ್ಲ. ಬಿಸಿಯೂಟದ ತಾಟು ಹಂಚುವುದೋ, ಗಿಡಕ್ಕೆ ನೀರು ಹಾಕುವುದೋ ಒಂದು ಸಣ್ಣ ಕೆಲಸ ಕೊಟ್ಟರೆ ತಾನು ಬೇಕಾದವನೆಂದು ಮಗುವಿಗೆ ಅನಿಸುತ್ತದೆ.

ಕರ್ನಾಟಕದ ಶಿಕ್ಷಣದಲ್ಲೇ ಇದಕ್ಕೊಂದು ಮಾದರಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂದ ನಲಿ-ಕಲಿ ಪದ್ಧತಿಯಲ್ಲಿ ಇಡೀ ತರಗತಿ ಒಂದೇ ಪುಟದಲ್ಲಿ ಇರುವುದಿಲ್ಲ. ಪ್ರತಿ ಮಗುವೂ ಕಲಿಕೆಯ ಮೆಟ್ಟಿಲುಗಳಲ್ಲಿ ತಾನು ಎಲ್ಲಿದೆಯೋ ಅಲ್ಲಿಂದ ಮುಂದೆ ಹೋಗುತ್ತದೆ. ಹದಿನೈದು ದಿನ ತಪ್ಪಿಸಿದ ಮಗು ಮರಳಿದಾಗ ತಾನು ಬಿಟ್ಟ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ, ಹಿಂದುಳಿದವನೆಂದು ಅದನ್ನು ಬೇರೆ ಕೂಡಿಸುವ ಸಂದರ್ಭವೇ ಬರುವುದಿಲ್ಲ. ಗೈರುಹಾಜರಿಯ ನಾಚಿಕೆಯನ್ನು ಪಾಠದ ವ್ಯವಸ್ಥೆಯಿಂದಲೇ ತೆಗೆದುಹಾಕಿದ ಕಾರ್ಯಕ್ರಮ ಅದು. ಅದರ ಈ ಗುಣವನ್ನು ಹೊಗಳುವವರು ಕಡಿಮೆ, ಅದರ ಕಲಿಕಾ ಕಾರ್ಡುಗಳು ಹರಿದವೆಂದು ದೂರುವವರು ಹೆಚ್ಚು. ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಈ ಏರ್ಪಾಡು ಮುಗಿದು, ಎಲ್ಲರಿಗೂ ಒಂದೇ ಪಾಠ, ಒಂದೇ ದಿನ ಎಂಬ ಕ್ರಮ ಸುರುವಾಗುತ್ತದೆ. ಅಲ್ಲಿಂದ ಮೇಲೆ ಮೆಟ್ಟಿಲನ್ನು ಶಿಕ್ಷಕರೇ ಕಟ್ಟಿಕೊಡಬೇಕು. ಹಿಂದಿನ ತರಗತಿಯ ಪಾಠ ನೆನಪಿಸಲು ಜೂನಿನಲ್ಲಿ ಎಲ್ಲರಿಗೂ ನಡೆಸುವ ಸೇತುಬಂಧವನ್ನು ನಡುವರ್ಷದಲ್ಲಿ ಮರಳಿದ ಒಂದೇ ಮಗುವಿಗೆ ಮೂರು ದಿನದ ಮಟ್ಟಿಗೆ ನಡೆಸಲು ಯಾವ ಆದೇಶವೂ ಬೇಕಿಲ್ಲ.

ಕಬ್ಬು ಕಡಿಯುವ ಕುಟುಂಬಗಳ ಮಕ್ಕಳಿಗೆ ಈ ಮಾತು ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಕಾರ್ಖಾನೆಯಿಂದ ಮೊದಲ್ಗೊಂಡು ಈ ಭಾಗದ ಹಲವು ಸಕ್ಕರೆ ಕಾರ್ಖಾನೆಗಳು ನುರಿಸುವ ಹಂಗಾಮು ಸುಮಾರಾಗಿ ಅಕ್ಟೋಬರ್–ನವೆಂಬರಿನಿಂದ ಮಾರ್ಚಿನವರೆಗೆ. ಶಾಲೆಯ ಎರಡನೇ ಅವಧಿಯೂ ಅದೇ. ಹೊರಗಿನಿಂದ ಗ್ಯಾಂಗಿನ ಜೊತೆ ಬಂದ ಮಕ್ಕಳು ಗುಡಿಸಲಲ್ಲಿ ಉಳಿಯುತ್ತಾರೆ. ಇಲ್ಲಿಂದ ಬೇರೆ ಕಡೆಗೆ ಹೋದ ಮಕ್ಕಳು ಪರೀಕ್ಷೆಯ ಹೊತ್ತಿಗೆ ಮರಳುತ್ತಾರೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಸರಿಸಮ ಬರುವಂತೆ ವಿಶೇಷ ತರಬೇತಿ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಹತ್ತು ವರ್ಷದ ಮಗುವನ್ನು ಓದು ಬಾರದೆಂದು ಎರಡನೇ ತರಗತಿಯ ಮಕ್ಕಳ ನಡುವೆ ಕೂಡಿಸಿದರೆ ಅದು ಎರಡು ದಿನದಲ್ಲಿ ಗದ್ದೆಗೇ ಮರಳುತ್ತದೆ, ಅಂಜಿಕೆಗಿಂತ ಅವಮಾನದಿಂದ. ಭಾಷೆಯ ಗಡಿಯೂ ಇಲ್ಲೇ ಇದೆ. ನಿಪ್ಪಾಣಿ, ಕಾಗವಾಡದ ಕಡೆ ಮನೆಯಲ್ಲಿ ಮರಾಠಿ, ಕುಡಚಿಯ ಕಡೆ ಉರ್ದು ಮಾತಾಡುವ ಮಕ್ಕಳು ಕನ್ನಡ ಶಾಲೆಗಳಿಗೆ ಬರುತ್ತಾರೆ. ರಜೆಯಲ್ಲಿ ಅವರ ಕನ್ನಡ ತುಕ್ಕು ಹಿಡಿದಿರುತ್ತದೆ. ಮೊದಲ ವಾರ ಮನೆಮಾತಿನಲ್ಲಿ ಉತ್ತರಿಸಿದರೂ ಸರಿ ಎಂದರೆ ಆ ಮಕ್ಕಳು ಬಾಯಿ ಬಿಡುತ್ತಾರೆ.

ಆರನೇ ತರಗತಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಿಗೋ ನವೋದಯಕ್ಕೋ ಆಯ್ಕೆಯಾದ ಮಕ್ಕಳ ಸ್ಥಿತಿ ಇದಕ್ಕೆ ವಿರುದ್ಧ. ಊರೆಲ್ಲ ಹೊಗಳಿ ಕಳಿಸಿರುವುದರಿಂದ ಅವರು ಅಂಜಿಕೆಯನ್ನು ಹೇಳುವಂತೆಯೇ ಇಲ್ಲ. ಮನೆಯ ನೆನಪು ದೀಪ ಹಚ್ಚುವ ಹೊತ್ತಿಗೆ ಹೆಚ್ಚುತ್ತದೆ, ಹಬ್ಬಕ್ಕೆ ಬಂದು ಹೋದ ಮೇಲೆ ಮತ್ತೆ ಮೊದಲಿನಷ್ಟಾಗುತ್ತದೆ. ಪಾಲಕರು ಫೋನಿನಲ್ಲಿ ಅಳುವುದು, ಮನೆಯಲ್ಲಿ ಮಾಡಿದ ಹೋಳಿಗೆಯ ಸುದ್ದಿ ಹೇಳುವುದು ನೆರವಾಗುವುದಿಲ್ಲ. ಮುಂದಿನ ಭೇಟಿಯ ತಾರೀಖು ಹೇಳಿ, ಅಲ್ಲಿನ ದಿನದ ಬಗ್ಗೆ ಕೇಳುವುದು ನೆರವಾಗುತ್ತದೆ.

ಬಹುತೇಕ ಮಕ್ಕಳು ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತಾರೆ. ಪೂರ್ಣ ದಿನ ಕೂಡಲಾಗದ ಮಗುವಿಗೆ ಮೆಟ್ಟಿಲು ಹಾಕಬೇಕು. ಮೊದಲ ದಿನ ಪ್ರಾರ್ಥನೆ ಮತ್ತು ಒಂದು ಅವಧಿ, ಆಮೇಲೆ ಊಟದವರೆಗೆ, ಆಮೇಲೆ ಸಂಜೆಯವರೆಗೆ. ಶನಿವಾರದ ಮುಂಜಾನೆ ಶಾಲೆ ಇದಕ್ಕೆ ತಕ್ಕ ಆರಂಭ. ಅಂದು ಅರ್ಧವೇ ದಿನ, ಎಲ್ಲರೂ ಒಟ್ಟಿಗೆ ಮನೆಗೆ ಹೋಗುವುದರಿಂದ ಅಂಜಿದ ಮಗು ಬೇರೆಯಾಗಿ ಕಾಣುವುದಿಲ್ಲ. ಎಷ್ಟು ಹೊತ್ತೆಂದು ಮೊದಲೇ ಗೊತ್ತುಮಾಡಿದ್ದಷ್ಟೂ ಮಗು ಇರಬೇಕು. ಅತ್ತದ್ದಕ್ಕೆ ಬೇಗ ಕಳಿಸಿದರೆ ಅಳುವೇ ಮನೆಯ ದಾರಿ ಎಂದಾಗುತ್ತದೆ.

ಎರಡು ವಾರ ಕಳೆದರೂ ಮಗು ಹೋಗದಿದ್ದರೆ, ಹಾಸಿಗೆ ಒದ್ದೆ ಮಾಡುವುದು ನಿಂತುಹೋಗಿದ್ದರೂ ಮತ್ತೆ ಸುರುವಾದರೆ, ಊಟ ನಿದ್ದೆ ಕೆಟ್ಟರೆ, ಸಾಯುವ ಮಾತಾಡಿದರೆ ತಜ್ಞರ ನೆರವು ಬೇಕು. ಚೆನ್ನಾಗಿ ಹೋಗುತ್ತಿದ್ದ ಮಗು ಒಮ್ಮೆಲೇ ಒಬ್ಬ ವ್ಯಕ್ತಿಗೋ, ಒಂದು ಜಾಗಕ್ಕೋ ಅಂಜತೊಡಗಿದರೆ ಅದನ್ನು ಶಾಲೆಯ ಅಂಜಿಕೆ ಎಂದು ಬದಿಗಿಡಬಾರದು. ಅದರ ಹಿಂದೆ ಹೊಡೆತ, ಪೀಡನೆ, ಲೈಂಗಿಕ ದೌರ್ಜನ್ಯ ಇರಬಹುದು. ಅಂಥಲ್ಲಿ ಮಗುವನ್ನು ಆ ಜಾಗಕ್ಕೆ ಕಳಿಸುವುದನ್ನು ನಿಲ್ಲಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಮಾನಸಿಕ ಆರೋಗ್ಯಕ್ಕಾಗಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಹಗಲು ರಾತ್ರಿ ಸಿಗುತ್ತದೆ, ಖರ್ಚಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಮನೋಚೈತನ್ಯ ಕಾರ್ಯಕ್ರಮವಿದೆ, ಹೋಗುವ ಮುನ್ನ ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅದಕ್ಕೂ ಮೇಲಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಮನೋವೈದ್ಯರ ಬಳಿ ಹೋದರೆ ಹುಚ್ಚೆಂಬ ಹೆಸರು ಬಂದೀತೆಂದು ತಡಮಾಡುವ ಮನೆಗಳುಂಟು. ಮಕ್ಕಳ ಅಂಜಿಕೆಗೆ ಅಲ್ಲಿ ಮೊದಲು ಸಿಗುವುದು ಗುಳಿಗೆಯಲ್ಲ, ಪಾಲಕರೂ ಮಗುವೂ ಕೂಡಿ ಮಾಡಬೇಕಾದ ಇಂಥದೇ ಮೆಟ್ಟಿಲುಗಳ ಲೆಕ್ಕ.

ಕರ್ನಾಟಕದಲ್ಲಿ 2001ರಿಂದ ಇರುವ ಎಸ್‌ಡಿಎಂಸಿಗಳ ಸಭೆಯಲ್ಲಿ ಕಟ್ಟಡ, ಬಿಸಿಯೂಟ, ಧ್ವಜಾರೋಹಣಗಳ ಜೊತೆಗೆ ಸತತ ಮೂರು ದಿನ ಬಾರದ ಮಕ್ಕಳ ಹೆಸರುಗಳೂ ಬಂದರೆ, ನಾಲ್ಕನೇ ದಿನ ಆ ಓಣಿಯ ಸದಸ್ಯರೊಬ್ಬರು ಮನೆಗೆ ಹೋಗಿ ಬರಬಹುದು. ಹೋದವರು ಗೈರುಹಾಜರಿಯ ಕಾರಣ ಕೇಳುವುದಕ್ಕಿಂತ ಮಗು ಯಾವ ದಿನ ಬರುತ್ತದೆ, ಯಾರ ಜೊತೆ ಬರುತ್ತದೆ ಎಂಬೆರಡನ್ನು ಗೊತ್ತುಮಾಡಿ, ಅದನ್ನು ತರಗತಿಯ ಶಿಕ್ಷಕರಿಗೆ ತಿಳಿಸಿದರೆ ಸಾಕು. ದಸರಾ, ದೀಪಾವಳಿ, ಚಿಂಚಲಿ ಜಾತ್ರೆಯ ನಂತರ ಅದೇ ಮಕ್ಕಳಲ್ಲಿ ಅಂಜಿಕೆ ಮತ್ತೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಮೊದಲಿಗಿಂತ ಕಡಿಮೆ ದಿನ. ಜೂನಿನಲ್ಲಿ ಯಾವ ಮಗುವಿಗೆ ಯಾವುದು ಕೆಲಸ ಮಾಡಿತೆಂದು ಶಿಕ್ಷಕರು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರೆ, ಆಗ ಅದನ್ನೇ ಎರಡು ಮೂರು ದಿನ ಮತ್ತೆ ಮಾಡಬಹುದು.